ಮುಂದಿನ ಗಾಲಿಗಳ ಪಾಲು

ನಿಮಗೊಂದು ಗುಟ್ಟು ಹೇಳುತ್ತೇನೆ, ನನ್ನ ರೋಗಿಗಳ ಕಿವಿಗೆ ಹಾಕಬೇಡಿ. ಅಂಕೋಲೆಯ ನನ್ನ ಕ್ಲಿನಿಕ್ಕಿನಲ್ಲಿ ಅವರು ಬಾಯಿ ತೆರೆದು ಮಲಗಿರುವಾಗ ನನ್ನ ಕೈ ದವಡೆ ಹಲ್ಲಿನ ಮೇಲಿರುತ್ತದೆ, ತಲೆ ಮಾತ್ರ ಕಾರಿನ ಮುಂದಿನ ಗಾಲಿಗಳ ಮೇಲೆ. ಕಳೆದೊಂದು ವರ್ಷದಿಂದ ಇದೇ ಕಥೆ. ಯಾರ ಹಲ್ಲನ್ನೂ ತಪ್ಪಿ ಕಿತ್ತಿಲ್ಲ ಎಂಬುದೊಂದೇ ಸಮಾಧಾನ.

ಐವತ್ತೆರಡು ವರ್ಷದ ಹಲ್ಲಿನ ಡಾಕ್ಟರಮ್ಮನಿಗೆ ರೇಸು ಯಾಕೆ ಎಂದು ಕೇಳುವವರಿದ್ದಾರೆ. ಕೇಳಲಿ. ನನ್ನದೊಂದು ಹಳೆಯ ಕಾರು. ರೇಸಿಗೆಂದೇ ಒಳಗಿನದನ್ನೆಲ್ಲ ಕಿತ್ತು ಹಗುರ ಮಾಡಿದ್ದೇನೆ. ಉಳಿದಿರುವುದು ಓಡಿಸುವವಳದೊಂದೇ ಸೀಟು. ಎಂಜಿನ್ನಿನ ಬಲವೆಲ್ಲ ಹಿಂದಿನ ಗಾಲಿಗಳಿಗೇ ಹೋಗುತ್ತಿತ್ತು. ಒಣ ನೆಲದಲ್ಲಿ ಅದರಂಥ ಸುಖ ಬೇರಿಲ್ಲ. ನೆಲ ಒದ್ದೆಯಾಯಿತೋ, ಕಾರಿನ ಹಿಂಭಾಗ ಮುಂಭಾಗವನ್ನು ಹಿಂದಿಕ್ಕಲು ಹೊರಡುತ್ತದೆ. ಕಳೆದ ವರ್ಷ ಕಾರವಾರದ ಸ್ಪರ್ಧೆಯ ಕೊನೆಯ ತಿರುವಿನಲ್ಲಿ ಒಂದೂವರೆ ಸುತ್ತು ಗಿರಕಿ ಹೊಡೆದು, ನೋಡುತ್ತ ನಿಂತ ಜನರಿಗೆ ಮುಖ ಮಾಡಿ ನಿಂತಿತು. ಆ ಜನರಲ್ಲಿ ನನ್ನ ಗಂಡನೂ ಇದ್ದರು.

ಅವರು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾರೆ, ಕೂಗಾಡುವವರಲ್ಲ. ಮನೆಗೆ ಬಂದು, ಊಟ ಮುಗಿಸಿ, "ಇನ್ನೊಂದ್ಸಲ ಹಿಂಗೆ ತಿರುಗಿದ್ರೆ ಕಾರು ಮಾರೂದು. ನಂಗೆ ನೋಡೂಕೆ ಆಗೂದಿಲ್ಲ" ಎಂದರು. ಒಪ್ಪಿಕೊಂಡೆ.

ಒಪ್ಪಿದ ಮರುವಾರವೇ ಪಕ್ಕದ ಮೀನುಗಾರರ ಊರು ಕೇಣಿಗೆ ಓಡಿದೆ. ಅಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುವ ದಾಮು ಇದ್ದಾನೆ. ಮುಂದಿನ ಗಾಲಿಗಳಿಗೂ ಬಲ ಕೊಡಬೇಕು, ಎಷ್ಟು ಕೊಡಬೇಕೆಂಬುದನ್ನು ಕಂಪ್ಯೂಟರ್ ನಿರ್ಧರಿಸಬೇಕು ಎಂದೆ. "ಅಡ್ಡಿಲ್ಲ ಡಾಕ್ಟ್ರೇ, ಮಾಡ್ವ" ಎಂದ. ಗುಜರಿಗೆ ಬಿದ್ದ ಜೀಪಿನ ಮುಂದಿನ ಅಚ್ಚು ಬಂತು, ಮುಂದಕ್ಕೆ ಹೋಗುವ ಬಲವನ್ನು ಬಿಟ್ಟು ಹಿಡಿಯಲು ಇನ್ಯಾವುದೋ ಕಾರಿನ ವಿದ್ಯುತ್ ಕ್ಲಚ್ಚು ಬಂತು, ಅದಕ್ಕೆ ಅಪ್ಪಣೆ ಕೊಡುವ ಅಂಗೈಯಗಲದ ಪೆಟ್ಟಿಗೆ ಬಂತು. ಸ್ಟಿಯರಿಂಗ್ ಎಷ್ಟು ತಿರುಗಿದೆ, ಯಾವ ಗಾಲಿ ಜಾರುತ್ತಿದೆ ಎಂದು ಈ ಪೆಟ್ಟಿಗೆ ಸದಾ ನೋಡುತ್ತಿರುತ್ತದೆ. ನೋಡಿ ಏನು ಮಾಡಬೇಕೆಂದು ಅದಕ್ಕೆ ಹೇಳಿಕೊಡುವ ಪಾಠ ನನ್ನದು. ಜಾಕಿನ ಮೇಲೆ ನಿಂತ ಕಾರಿನ ನಾಲ್ಕೂ ಗಾಲಿ ಮೊದಲ ಸಲ ಒಟ್ಟಿಗೇ ತಿರುಗಿದ ದಿನ ನಾನು ಕುಣಿದದ್ದೇ ಕುಣಿದದ್ದು.

ಪಾಠದಲ್ಲೇ ಎಡವಟ್ಟಾಯಿತು. ಮಕ್ಕಳಿಗೆ ತಿಂಡಿ ಹಂಚುವ ತಾಯಿಯ ಹಾಗೆ ಮುಂದಕ್ಕರ್ಧ, ಹಿಂದಕ್ಕರ್ಧ, ಎಂದೆಂದಿಗೂ ಸಮಪಾಲು ಎಂದು ಬರೆದಿದ್ದೆ. ಕೇಣಿಯ ಬಯಲಿನಲ್ಲಿ ಪರೀಕ್ಷೆ. ನೇರ ದಾರಿಯಲ್ಲಿ ಕಾರು ಹಾರಿತು. ತಿರುವಿನಲ್ಲಿ ನಾನು ಸ್ಟಿಯರಿಂಗ್ ತಿರುಗಿಸಿದೆ, ಕಾರು ತಿರುಗಲಿಲ್ಲ. ನೆಟ್ಟಗೆ ಹೋಗಿ ಒಣಹಾಕಿದ್ದ ಸಿಗಡಿಯ ಚಾಪೆಯ ಮೇಲೆ ನಿಂತಿತು. ಚಾಪೆಯ ಒಡತಿಯಿಂದ ಚೆನ್ನಾಗಿ ಬೈಸಿಕೊಂಡೆ. ಕ್ಲಿನಿಕ್ಕಿಗೆ ಬಂದವರು ವಾರವಿಡೀ ಮೂಗು ಅರಳಿಸಿದರು.

ನೋಡುತ್ತ ಕೂತಿದ್ದ ದಾಮುವಿನ ಅಪ್ಪ ಒಂದು ಕಾಲದಲ್ಲಿ ರಂಪಣಿಯ ತಂಡೇಲರು. ರಂಪಣಿ ಬಲೆಯನ್ನು ದೋಣಿಯಲ್ಲಿ ಒಯ್ದು ಸಮುದ್ರದಲ್ಲಿ ಅರ್ಧ ಸುತ್ತು ಹಾಕುತ್ತಾರೆ. ಅದರ ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ಎರಡು ಗುಂಪಿನವರು ಎಳೆಯುತ್ತಾರೆ. ನಡುವೆ ನಿಂತು ಕೈಸನ್ನೆ ಮಾಡುವವರೇ ತಂಡೇಲರು.

"ಎರಡೂ ಬದಿಯವ್ರು ಯಾವಾಗ್ಲೂ ಒಂದೇ ಸಮ ಎಳೆದ್ರೆ ಬಲೆ ಬತ್ತದೇನ್ರಾ?" ಎಂದರು ಅವರು. "ನೀರಿನ ಸೆಳೆತ ನೋಡ್ಬೇಕು. ಒಂದ್ ಬದಿ ಸಡ್ಲ ಬಿಡೂಕೆ ಹೇಳ್ಬೇಕು, ಒಂದ್ ಬದಿ ಬಿಗಿ ಹಿಡೂಕೆ ಹೇಳ್ಬೇಕು. ಅದ್ಕೇ ಅಲ್ವಾ ತಂಡೇಲ ಇರೂದು?"

ಇಷ್ಟು ಓದಿದವಳಿಗೆ ಇಷ್ಟು ಹೊಳೆಯಲಿಲ್ಲ ನೋಡಿ. ಆ ಭಾನುವಾರ ಗಂಡನನ್ನೂ ಕರೆದುಕೊಂಡು ರಂಪಣಿ ನೋಡಲು ಹೋದೆ. ಸುಮ್ಮನಿರಲಾರದೆ ಹಗ್ಗದ ಬಾಲ ಹಿಡಿದು ಹತ್ತು ನಿಮಿಷ ಎಳೆದೆ. ಕೊನೆಗೆ ಮೀನು ಹಂಚುವಾಗ ನನ್ನ ಕೈಗೂ ನಾಲ್ಕು ಬಂಗಡೆ ಬಂದವು. ಹಗ್ಗ ಮುಟ್ಟಿದವರಿಗೆಲ್ಲ ಪಾಲುಂಟು, ಅದು ಅಲ್ಲಿಯ ಪದ್ಧತಿ. ಏನೂ ಮುಟ್ಟದೆ ನಿಂತಿದ್ದ ನನ್ನ ಗಂಡನಿಗೆ ಒಂದೂ ಸಿಗಲಿಲ್ಲ.

ಪಾಠ ತಿದ್ದಿದೆ. ತಿರುವು ಹೊಕ್ಕಾಗ ಮುಂದಿನ ಗಾಲಿಯವರು ಹಗ್ಗ ಸಡಿಲ ಬಿಡಬೇಕು. ಹಿಂದಿನವರು ಜಾರತೊಡಗಿದರೆ ಅದೇ ಮುಂದಿನವರು ಬಿಗಿ ಹಿಡಿದು ಎಳೆಯಬೇಕು. ದಾಮು ಪೆಟ್ಟಿಗೆಯ ಮೇಲೆ ಬಣ್ಣದಲ್ಲಿ "ತಂಡೇಲ" ಎಂದು ಬರೆದ.

ಸ್ಪರ್ಧೆಯ ದಿನ ಕಾರವಾರದಲ್ಲಿ ಬೆಳಿಗ್ಗೆಯಿಂದಲೇ ಮಳೆ. ಇಷ್ಟೆಲ್ಲ ಮಾಡಿದವಳು ಹಿಂದಿನ ದಿನ ಪೆಟ್ಟಿಗೆ ಆರಿಸುವುದನ್ನೇ ಮರೆತಿದ್ದೆ, ಬ್ಯಾಟರಿ ಸತ್ತಿತ್ತು. ದಾಮು ಒಬ್ಬನೇ ತಳ್ಳುತ್ತಿದ್ದ. ನನ್ನ ಗಂಡ ಒಂದು ಕ್ಷಣ ನೋಡಿದರು, ಕೊಡೆ ಮಡಚಿಟ್ಟರು, ಪಂಚೆ ಎತ್ತಿ ಕಟ್ಟಿ ಕಾರಿಗೆ ಹೆಗಲು ಕೊಟ್ಟರು. ಎಂಜಿನ್ ಹೊತ್ತಿಕೊಂಡಿತು.

ಕೊನೆಯ ತಿರುವು ಬಂತು. ಸ್ಟಿಯರಿಂಗ್ ತಿರುಗಿಸಿದೆ. ಕಾರಿನ ಮೂತಿ ಮಾತು ಕೇಳಿತು, ಒಳಕ್ಕೆ ತಿರುಗಿತು. ಅಷ್ಟರಲ್ಲಿ ಹಿಂಭಾಗ ಜಾರಿತು, ಕಳೆದ ವರ್ಷದ ಜಾಗದಲ್ಲೇ. ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಮುಂದಿನ ಗಾಲಿಗಳು ಕೆಸರು ಕಚ್ಚಿ ಎಳೆದವು. ಆ ಸೆಳೆತ ನನ್ನ ಅಂಗೈಗೇ ತಾಗಿತು. ಕಾರು ನೆಟ್ಟಗಾಗಿ ಗೆರೆ ದಾಟಿತು. ಹೆಲ್ಮೆಟ್ಟಿನೊಳಗೆ ನಾನು ಹುಚ್ಚಿಯಂತೆ ನಗುತ್ತಿದ್ದೆ, ಅಳುತ್ತಲೂ ಇದ್ದೆ ಅನಿಸುತ್ತದೆ. ಬಂದದ್ದು ಆರನೆಯ ಸ್ಥಾನ. ಬರಲಿ ಬಿಡಿ.

ತೊಪ್ಪೆಯಾಗಿದ್ದ ಗಂಡ ಕಿಟಕಿಗೆ ಬಂದು ನಿಂತರು. "ನಾನೂ ತಳ್ಳಿದ್ದೆ. ಹಗ್ಗ ಮುಟ್ಟಿದವ್ರಿಗೆ ಪಾಲುಂಟು ಅಲ್ವಾ?" ಎಂದರು.

"ಏನು ಬೇಕು ಹೇಳಿ" ಎಂದೆ.

ನನ್ನ ಪಕ್ಕದ ಬೋಳು ತಗಡಿನತ್ತ ಬೆರಳು ತೋರಿಸಿದರು. "ಇಲ್ಲೊಂದು ಸೀಟು. ಹೊರಗೆ ನಿಂತು ಹೆದರೂದು ಸಾಕು, ಇನ್ನು ಒಳಗೇ ಕೂತು ಹೆದರ್ತೆ."

ದಾಮು ಈಗ ಸೀಟು ಹುಡುಕುತ್ತಿದ್ದಾನೆ. ಎಡಬದಿಗೆ ಒಬ್ಬ ಪ್ರಾಧ್ಯಾಪಕರ ತೂಕ ಬಿದ್ದರೆ ತಂಡೇಲನಿಗೆ ಪಾಠ ಹೊಸದಾಗಿ ಹೇಳಬೇಕು. ಅಂಕೋಲೆಯಲ್ಲಿ ಹಲ್ಲುನೋವಿರುವವರು ಇನ್ನೂ ಸ್ವಲ್ಪ ದಿನ ತಾಳಿಕೊಳ್ಳುವುದು ಒಳ್ಳೆಯದು.