ಐಸಿಂಗ್ ಒಣಗಿದ ಸದ್ದು

ಟಿಣ್.

ಪಿಂಗಾಣಿ ಬಟ್ಟಲಿಗೆ ಉಗುರು ತಾಗಿದ ಹಾಗಿರುತ್ತಿತ್ತು ಆ ಸದ್ದು. ಕಾನ್ವೆಂಟಿನ ಅಡುಗೆಮನೆಯಲ್ಲಿ ಕ್ರಿಸ್‌ಮಸ್ಸಿಗೆ ಮುಂಚೆ ಸಿಸ್ಟರೊಬ್ಬರು ನಕ್ಷತ್ರದ ಬಿಸ್ಕತ್ತಿನ ಮೇಲಿನ ಬಿಳಿ ಐಸಿಂಗನ್ನು ಉಗುರಿನಿಂದ ತಟ್ಟಿ ತೋರಿಸುತ್ತಿದ್ದರು. "ಲಿಸನ್, ಗರ್ಲ್ಸ್! ಮೊಟ್ಟೆಯ ಬಿಳಿ ಸರಿಯಾಗಿ ಕಡೆದಿದ್ದರೆ ಮಾತ್ರ ಇದು ಹಾಡುತ್ತೆ." ನಾನು ಆ ಬಿಸ್ಕತ್ತನ್ನು ಒಂದು ದಿನವೂ ತಿಂದವಳಲ್ಲ. ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರೆತ್ತುವ ಹಾಗಿರಲಿಲ್ಲ. ಆದರೆ ಕೇಳಿಸಿಕೊಳ್ಳುವುದಕ್ಕೆ ಯಾವ ಮಡಿ? ಆ ಸದ್ದು ಕಿವಿಯಲ್ಲಿ ಉಳಿದುಬಿಟ್ಟಿತು.

ನಾನೇ ಬಿಸ್ಕತ್ತಿಗೆ ಬಣ್ಣ ಬರೆಯಲು ಕೂತದ್ದು ತಲೆ ನರೆತ ಮೇಲೆ, ಗಂಜಾಂನ ಮನೆಯಲ್ಲಿ, ಮೊಮ್ಮಗಳ ಬರ್ತ್‌ಡೇ ನೆಪದಲ್ಲಿ. ಸಕ್ಕರೆ ಪುಡಿ, ಹಾಲು, ಚೂರು ಕಲರ್. ಅಷ್ಟೇ ನನ್ನ ಐಸಿಂಗ್. ಮೊಟ್ಟೆ ಇಲ್ಲದ್ದರಿಂದ ಒಣಗುವುದಕ್ಕೆ ಒಂದಿಡೀ ದಿನ ಬೇಕು. ನದಿ ಪಕ್ಕದ ಊರು, ಮಳೆಗಾಲದಲ್ಲಿ ಇನ್ನೂ ತಡ. ಒಣಗಿದ ಮೇಲೂ ಅದು ಹಾಡುವುದಿಲ್ಲ. ತಟ್ಟಿದರೆ ಮಣ್ಣಿನ ಗೋಡೆಯ ಹಾಗೆ ಡಬ್ ಅನ್ನುತ್ತೆ, ಪಾಪ.

ಆಗಲೇ ಎದುರು ಮನೆಗೆ ಒಬ್ಬಳು ಬಾಡಿಗೆಗೆ ಬಂದಳು. ಪಾಂಡವಪುರದ ಕಡೆಯ ರೈತರ ಮನೆ ಮಗಳು, ವಯಸ್ಸಿನಲ್ಲಿ ನನಗೆ ಮಗಳಾಗಬೇಕು, ಆದರೂ ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಬಾಗಿಲ ಮುಂದೆ ಅವಳೆಳೆದ ರಂಗೋಲಿ ನೋಡಿಯೇ ನಾನು ಒಳಗೆ ಕರೆದದ್ದು. ಐಸಿಂಗ್ ತುಂಬಿದ ಕೋನ್ ಕೈಗಿಟ್ಟರೆ ನಕ್ಕುಬಿಟ್ಟಳು.

"ಇದೇನಕ್ಕಾ, ಮದರಂಗಿ ಆಕದಂಗೇ ಅದಲ್ಲ! ಕೊಡಿ ಇತ್ಲಾಗೆ."

ಆಮೇಲೆ ನಾವಿಬ್ಬರೂ ಕೂತು ಮಾಡದ ಆಕಾರವೇ ಇಲ್ಲ. ಕೆ.ಆರ್. ಪೇಟೆಯ ನಾಮಕರಣಕ್ಕೆ ತೊಟ್ಟಿಲು, ನಾಗಮಂಗಲದ ಸೀಮಂತಕ್ಕೆ ಹಸಿರು ಬಳೆ, ಅವಳ ಅಣ್ಣನ ಮಗನಿಗೆ ಟ್ರಾಕ್ಟರು. ಟ್ರಾಕ್ಟರನ್ನು ನಾನು ಬರೆದೆ. ಅವಳು ಕತ್ತು ಓರೆ ಮಾಡಿ ನೋಡಿದಳು.

"ಇಂದ್ಗಡೆ ಚಕ್ರ ಸಣ್ಣದಾಗೋಯ್ತು ಕನಕ್ಕಾ. ಇದ್ರಲ್ಲಿ ಕಬ್ಬು ಏರುದ್ರೆ ಮೈಸೂರ್ ರೋಡಲ್ಲೇ ಪಲ್ಟಿ."

ಅಷ್ಟು ನಗು ಆ ಮನೆಯಲ್ಲಿ ನನ್ನ ಯಜಮಾನರು ಹೋದ ಮೇಲೆ ಕೇಳಿರಲಿಲ್ಲ. ಕಾನ್ವೆಂಟಿನ ಕಥೆ, ಸಿಸ್ಟರ್ ಬಿಸ್ಕತ್ತು ತಟ್ಟುತ್ತಿದ್ದದ್ದು, ಮೊಟ್ಟೆಯ ಬಿಳಿ, ಎಲ್ಲ ಅವಳಿಗೆ ಹೇಳಿದೆ. ಇನ್ಯಾರಿಗೆ ಹೇಳಲಿ?

ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬರು ಅರ್ಚಕರ ಮನೆ. ಅವರ ತಾಯಿ ಹೊರಗಿನ ಒಂದು ತುತ್ತು ಮುಟ್ಟಿದವರಲ್ಲ. ಮೊದಲ ಸಲ ನನ್ನ ಬಿಸ್ಕತ್ತನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದರು: "ಮೊಟ್ಟೆ ಗಿಟ್ಟೆ ಇಲ್ಲ ತಾನೇ?"

"ಇಲ್ಲ ಅಮ್ಮ. ಐ ಪ್ರಾಮಿಸ್."

"ನಿನ್ನ ಇಂಗ್ಲಿಷು ಯಾರಿಗೆ ಬೇಕೇ? ನೀನು ಹೇಳಿದ್ಯಲ್ಲ, ಸಾಕು."

ಬಾಯಿಗೆ ಹಾಕಿಕೊಂಡರು. ಅವರು ತಿಂದರೆಂದು ಆ ಬೀದಿಯ ಎಲ್ಲ ಮನೆಯವರೂ ತರಿಸಿಕೊಂಡರು. ಡಬ್ಬಿಯ ಮೇಲೆ ಯಾವ ಚೀಟಿಯೂ ಇರಲಿಲ್ಲ. ನನ್ನ ಮಾತೇ ಚೀಟಿ.

ಮುಂದೆ ನನ್ನ ಕೈ ನಡುಗಲು ಶುರುವಾಯಿತು. ಐಸಿಂಗ್ ಕಡೆಯುವುದು, ಬರೆದು ಒಣಗಿಸುವುದು ಅವಳ ಮನೆಗೆ ಹೋಯಿತು. ನನಗೆ ಉಳಿದದ್ದು ಡಬ್ಬಿಗೆ ಜೋಡಿಸುವ ಕೆಲಸ.

ಆ ಸಂಕ್ರಾಂತಿಗೆ ಅರ್ಚಕರ ತಾಯಿಯ ಮರಿಮಗುವಿಗೆ ಎಳಚಿ ಹಣ್ಣು ಎರೆಯುವ ಶಾಸ್ತ್ರವಿತ್ತು. ಎಳ್ಳುಬೆಲ್ಲದ ಜೊತೆ ಬೀರಲು ಸಕ್ಕರೆ ಅಚ್ಚಿನ ಆಕಾರದ್ದೇ ಬಿಸ್ಕತ್ತು ಬೇಕೆಂದರು. ತುಳಸಿಕಟ್ಟೆ, ಗಿಳಿ, ಕಬ್ಬಿನ ಜಲ್ಲೆ. ಹಬ್ಬದ ಬೆಳಗ್ಗೆ ಅವಳು ತಟ್ಟೆಗಳನ್ನು ತಂದಿಟ್ಟಳು. ಎಂಥ ಗಿಳಿ! ರೆಕ್ಕೆಯ ಒಂದೊಂದು ಗೆರೆಯೂ ಬೇರೆ ಬೇರೆ. ಒಂದನ್ನು ಎತ್ತಿದೆ. ಕೈ ನಡುಗತೊಡಗಿದ ಮೇಲೆ ಬಿಟ್ಟುಹೋಗಿದ್ದ ಹಳೇ ಅಭ್ಯಾಸ, ಆವತ್ತು ಉಗುರು ತಾನಾಗಿ ತಟ್ಟಿತು.

ಟಿಣ್.

ಇನ್ನೊಂದು ತಟ್ಟಿದೆ. ಅದೂ ಹಾಡಿತು.

"ಏನು ಹಾಕಿದ್ದೀಯೆ ಇದಕ್ಕೆ?"

ಅವಳು ಡಬ್ಬಿಯ ಮುಚ್ಚಳ ಒರೆಸುತ್ತಲೇ ಇದ್ದಳು. "ಒಸಿ ಬಿಳಿ ಆಕಿವ್ನಿ ಕನಕ್ಕಾ. ಬಿರ್ರನೆ ಒಣಗ್ತದೆ. ವಾಸ್ನೆನೂ ಇಲ್ಲ, ಯಾರ್ಗೆ ಗೊತ್ತಾದದು ಬುಡಿ."

"ಯಾವಾಗಿನಿಂದ?"

"ಗೌರಿ ಹಬ್ಬದಲ್ಲಿ ಮಳೆ ಇಡ್ಕೊಂಡಿತ್ತಲ್ಲ. ಆವಾಗಿಂದ."

ಗೌರಿ ಹಬ್ಬದ ಬಾಗಿನ, ದಸರಾದ ಆನೆ, ದೀಪಾವಳಿಯ ಹಣತೆ. ಹಣತೆಯ ಬಿಸ್ಕತ್ತನ್ನು ಆ ತಾಯಿ ನನ್ನೆದುರಿಗೇ ತಿಂದು ಚೆನ್ನಾಗಿದೆಯೆಂದಿದ್ದರು. ನಾನು ಪಕ್ಕದಲ್ಲಿ ನಗುತ್ತ ನಿಂತಿದ್ದೆ.

ಡಬ್ಬಿಗಳನ್ನು ಕಳಿಸಲಿಲ್ಲ. ಬರಿಗೈಯಲ್ಲಿ ಹೋಗಿ ಅವರ ಹಜಾರದಲ್ಲಿ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಆ ತಾಯಿ ಬೈಯಲಿಲ್ಲ. "ಬಂದು ಹೇಳಿದ್ಯಲ್ಲ," ಎಂದಷ್ಟೇ ಅಂದು, ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದರು. ಬಾಯಿ ಮುಕ್ಕಳಿಸುವುದು ಕೇಳಿಸಿತು. ದೀಪಾವಳಿಯಲ್ಲಿ ತಿಂದದ್ದಕ್ಕೆ ಸಂಕ್ರಾಂತಿಯಲ್ಲಿ. ಮತ್ತೆ ಮತ್ತೆ ಮುಕ್ಕಳಿಸುತ್ತಿದ್ದರು.

ಅವಸರಕ್ಕೆ ಹಾಗೆ ಮಾಡಿದಳು, ಚಿಕ್ಕವಳು, ಅವಳ ಮನೆಯಲ್ಲಿ ಅದು ದೊಡ್ಡ ವಿಷಯವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕ್ಷಮಿಸುವುದಕ್ಕೂ ತಯಾರಾಗುತ್ತಿದ್ದೆ. ಅಷ್ಟರಲ್ಲಿ ಒಂದು ದಿನ ಸೊಪ್ಪಿನ ಗಾಡಿಯ ಹತ್ತಿರ ಅರ್ಚಕರ ಸೊಸೆ ಮುಖ ತಿರುಗಿಸಿಕೊಂಡೇ ಅಂದಳು: "ಮೊಟ್ಟೆ ಐಸಿಂಗನ್ನು ನೀವೇ ಕಾನ್ವೆಂಟಲ್ಲಿ ಕಲಿತಿದ್ದಂತಲ್ಲ? ಅವಳು ಬಂದು ಅಳ್ತಾ ಹೇಳಿದಳು. ಅಕ್ಕ ಮಾಡಿಸಿದ ಹಾಗೆ ಮಾಡಿದೆ, ಸಿಕ್ಕಿಹಾಕಿಕೊಂಡಾಗ ನನ್ನ ಮೇಲೆ ಹಾಕಿಬಿಟ್ರು ಅಂತ."

ಸಿಸ್ಟರ್, ನಕ್ಷತ್ರ, ಮೊಟ್ಟೆಯ ಬಿಳಿ. ಪ್ರೀತಿಯಿಂದ ನಾನು ಹೇಳಿಕೊಂಡ ಒಂದೊಂದೂ ಸಾಕ್ಷಿಯಾಗಿತ್ತು. ಜನ ಯಾಕೆ ನಂಬಬಾರದು? ಇಂಗ್ಲಿಷ್ ಮಾತಾಡುವವಳು ನಾನು. ಕಾನ್ವೆಂಟ್‌ನವಳು. ಸಿಸ್ಟರ್ ಕಲಿಸಿದ್ದನ್ನು ಇಷ್ಟು ವರ್ಷವಾದರೂ ಮರೆಯದವಳು.

ಅವಳು ಮನೆ ಖಾಲಿ ಮಾಡಿ ಪಾಂಡವಪುರಕ್ಕೆ ಹೋದಳು. ಹಿಂದಿನ ಬೀದಿಯವರು ಈಗ ಅಲ್ಲಿಂದಲೇ ತರಿಸುತ್ತಾರಂತೆ.

ಆಮೇಲೆ ಅವಳು ಕಂಡದ್ದು ಅಕ್ಕಿಹೆಬ್ಬಾಳಿನ ಒಂದು ನಾಮಕರಣದಲ್ಲಿ. ಚಪ್ಪರದಡಿ ಮೇಜು ಹಾಕಿಕೊಂಡು ತೊಟ್ಟಿಲು ಬಿಸ್ಕತ್ತುಗಳನ್ನು ಜೋಡಿಸುತ್ತಿದ್ದಳು. ಮುಂದೆ ಒಂದು ಚಿಕ್ಕ ಬೋರ್ಡು: ಮೊಟ್ಟೆ ಇಲ್ಲ. ನಾನು ಹೋಗಿ ಒಂದನ್ನು ಎತ್ತಿ ಉಗುರಿನಿಂದ ತಟ್ಟಿದೆ.

ಡಬ್.

ನನ್ನದೇ ಐಸಿಂಗ್. ಒಂದಿಡೀ ದಿನ ಒಣಗಿಸಿದ್ದು.

"ಈಗ ಮುಟ್ಟಕ್ಕಿಲ್ಲ ಕನಕ್ಕಾ," ಎಂದಳು ಮೆಲ್ಲಗೆ. "ಅಪ್ಪಟ ನೀವು ಏಳ್ಕೊಟ್ಟಂಗೇ."

"ಹಾಗಾದರೆ ಮೊಟ್ಟೆ ಇಲ್ಲದೆ ಮಾಡೋಕೆ ಬರ್ತಿತ್ತಲ್ಲೇ ನಿನಗೆ."

ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹಿಂದಿನ ಬೀದಿಯ ಹೆಂಗಸರಿಬ್ಬರು ಮೇಜಿನ ಬಳಿ ಬಂದರು. ಒಬ್ಬಳ ಕಣ್ಣು ನನ್ನ ಕೈಯಲ್ಲಿದ್ದ ಬಿಸ್ಕತ್ತಿನ ಮೇಲೆ ನಿಂತಿತು. ನನ್ನನ್ನು ಅಕ್ಕಾ ಎನ್ನುತ್ತಿದ್ದವಳು ತಟ್ಟನೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ತಟ್ಟೆಗೆ ವಾಪಸ್ಸು ಇಡದೆ, ಮೇಜಿನ ಕೆಳಗಿನ ಬುಟ್ಟಿಗೆ ಹಾಕಿದಳು. ಕೈ ಸೆರಗಿಗೆ ಒರೆಸಿಕೊಂಡಳು. ಆಮೇಲೆ ನಗುತ್ತ, "ಬನ್ರವ್ವಾ, ತಗಳಿ," ಎಂದು ಅವರ ಕಡೆ ತಿರುಗಿದಳು.

ಅವಳನ್ನು ನೋಡಿದ್ದು ಅದೇ ಕೊನೆ.