ಯಾರಿಗೂ ಸೋಲು ಕೊಡದ ಅಂಪೈರ್ ಕಾಕಾ

ಅಂಪೈರ್ ಕಾಕಾ ಅವರ ಬಲ ಮೊಣಕಾಲಿನ ಕೆಳಗೆ, ಮೂಳೆಯ ಮೇಲೆ, ಒಂದು ಗುಳಿ ಇತ್ತು. ಹುಣಸೆ ಬೀಜ ಇಟ್ಟರೆ ಬೀಳದೆ ಕೂರುವಷ್ಟು ಆಳ. ಬೆಟಗೇರಿಯ ಗರಸಿನ ಮೈದಾನದಲ್ಲಿ ಆಡುವಾಗ ಎದುರಾಳಿಯ ಹಾಕಿ ಸ್ಟಿಕ್ಕು ಬಿದ್ದು ಆದದ್ದು. ನೆದರ್ಲೆಂಡ್ಸ್‌ನ ಟಿಲ್‌ಬರ್ಗಿನ ಚಳಿಯಲ್ಲೂ ಅವರು ಶನಿವಾರ ಚಡ್ಡಿಯಲ್ಲೇ ಮೈದಾನಕ್ಕಿಳಿಯುತ್ತಿದ್ದರು. ಯಾರಾದರೂ ನೋವೆಂದು ಹೊರಳಾಡಿದರೆ ಕಾಲು ಮುಂದಿಟ್ಟು ಗುಳಿ ತೋರಿಸಿ, "ಇಷ್ಟ್ ಆಗೇತೇನು? ಇಲ್ಲಲ್ಲ? ಹಂಗಾರ ಏಳು" ಎನ್ನುತ್ತಿದ್ದರು.

ಅವರ ಹೆಂಡತಿ ನರ್ಸ್. ಆಕೆಗೆ ಇಲ್ಲಿ ಕೆಲಸ ಸಿಕ್ಕಾಗ ಜೊತೆಗೆ ಬಂದ ಕಾಕಾ ಊರಾಚೆಯ ಒಂದು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದರು. ಓದಿದ್ದು ಎಂಟನೆಯ ತರಗತಿ. ಡಚ್ ಭಾಷೆಯನ್ನು ಮಾತ್ರ ನಮ್ಮೆಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದರು. ಬೈಯುವುದಕ್ಕೂ ಅದನ್ನೇ ಬಳಸುತ್ತಿದ್ದರು. ಕನ್ನಡದಲ್ಲಿ ಬೈದರೆ ಮನಸ್ಸಿಗೆ ಹತ್ತುತ್ತದೆ, ಡಚ್ಚಿನಲ್ಲಿ ಬೈದರೆ ಬರೀ ಕಿವಿಗೆ ಹತ್ತುತ್ತದೆ ಎನ್ನುವುದು ಅವರ ವಾದ.

ನಾನು ಆಗ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಅಪ್ಪ ಹಿರಿಯೂರು ಬಸ್ ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ದೋಸೆ ಹಾಕುತ್ತಾರೆ. ಪದವಿಯೆಂದರೆ ನನಗೆ ಹಗುರವಾದ ವಸ್ತುವಲ್ಲ. ಕಾಕಾ ಅದನ್ನು ಮೊದಲ ದಿನವೇ ಗುರುತಿಸಿ ನನ್ನನ್ನು 'ಡಿಗ್ರಿ ಅವ್ವ' ಎಂದು ಕರೆಯತೊಡಗಿದರು.

ನಮ್ಮದು ಇಲ್ಲಿನ ಕನ್ನಡಿಗರದೇ ಆರು ತಂಡಗಳ ಶನಿವಾರದ ಹಾಕಿ ಲೀಗ್. ಆಡುವವರು ವೆಲ್ಡ್‌ಹೋವನ್ನಿನ ಚಿಪ್‌ಯಂತ್ರ ಕಂಪನಿಯ ಎಂಜಿನಿಯರುಗಳು, ಸಂಶೋಧನಾ ವಿದ್ಯಾರ್ಥಿಗಳು, ಆಮ್‌ಸ್ಟರ್‌ಡ್ಯಾಮಿನ ದೊಡ್ಡ ಕಚೇರಿಗಳ ಬಡಾವಣೆ ಜೈಡಾಸ್‌ನಲ್ಲಿ ಟೈ ಕಟ್ಟುವ ಕೆಲವರು. ನಾನು ಸ್ಕೋರ್ ಬರೆಯುತ್ತಿದ್ದೆ. ಪ್ರತಿ ಸೆಪ್ಟೆಂಬರ್‌ನಲ್ಲಿ ಕರ್ನಾಟಕದಿಂದ ಹೊಸಬರು ಬಂದಿಳಿದಾಗ ಅವರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿ. ಕೊನೆಯ ಸ್ಥಾನದ ತಂಡಕ್ಕೆ ಮೊದಲ ಆಯ್ಕೆ. ಇದನ್ನು ತಂದವನು ನಮ್ಮ ಕಾರ್ಯದರ್ಶಿ, ಜೈಡಾಸ್‌ನ ಕನ್ಸಲ್ಟೆಂಟ್. ಅಮೆರಿಕದ ವೃತ್ತಿಪರ ಐಸ್ ಹಾಕಿಯ ಭಕ್ತ. ಅಲ್ಲಿ ಹಾಗೆಯೇ ಇದೆಯಂತೆ: ಸೋತವರಿಗೆ ಒಳ್ಳೆಯ ಹೊಸ ಆಟಗಾರ. ಅದಕ್ಕೇ ಅಲ್ಲಿ ಕೆಲವು ತಂಡಗಳು ಬೇಕೆಂದೇ ಸೋಲುತ್ತವೆ. ಅದನ್ನು ತಡೆಯಲು ಮೊದಲ ಆಯ್ಕೆಗೆ ಚೀಟಿ ಎತ್ತುತ್ತಾರೆ, ಆದರೂ ಹೆಚ್ಚು ಸೋತವರಿಗೇ ಹೆಚ್ಚು ಚೀಟಿ. ಹಾಗಾಗಿ ಸೋಲುವುದು ನಿಂತಿಲ್ಲ. ನನ್ನ ಥೀಸಿಸ್ಸೂ ಇದೇ ಚೀಟಿಪದ್ಧತಿಯ ಸುಧಾರಣೆ ಕುರಿತದ್ದು. ಟಿಕೆಟ್ ಕೊಂಡು ಬಂದ ಜನರ ಮುಂದೆ, ಸಂಬಳ ತೆಗೆದುಕೊಂಡು ಸೋಲುವ ಆ ನಾಚಿಕೆಗೇಡಿಗಳ ಮೇಲೆ ನಾನು ಆರು ತಿಂಗಳು ಸಮೀಕರಣ ಬರೆದಿದ್ದೆ.

ನಮ್ಮ ನಾಚಿಕೆಗೇಡಿಗಳು ಸಂಬಳವಿಲ್ಲದೆಯೇ ಸೋಲಲು ಸಿದ್ಧರಿದ್ದರು. ಆ ವರ್ಷ ಮೈಸೂರಿನಿಂದ ಪೆನಾಲ್ಟಿ ಕಾರ್ನರ್ ಹೊಡೆಯುವುದರಲ್ಲಿ ನಿಸ್ಸೀಮನಾದ ಒಬ್ಬ ಸಂಶೋಧಕ ಬರುವವನಿದ್ದ. ಸೆಮಿಫೈನಲ್ ಆಸೆ ಮುಗಿದಿದ್ದ ಕೆಳಗಿನ ಎರಡು ತಂಡಗಳು ಕೊನೆಯ ಪಂದ್ಯಕ್ಕೆ ಎದುರುಬದುರಾದವು. ಒಂದು ಕಾರ್ಯದರ್ಶಿಯ ತಂಡ, ಇನ್ನೊಂದು ಎಂಜಿನಿಯರುಗಳದು. ಸೋತವರಿಗೆ ಕೊನೆಯ ಸ್ಥಾನ, ಕೊನೆಯ ಸ್ಥಾನಕ್ಕೆ ಮೈಸೂರಿನವನು.

ಇಷ್ಟು ಲೆಕ್ಕ ಹಾಕಿದ ಬುದ್ಧಿವಂತರು ಹಾಕಿಯ ಒಂದು ನಿಯಮ ಮರೆತಿದ್ದರು. ನಮ್ಮ ಗೋಲಿಗೆ ನಾವೇ ಚೆಂಡು ಹೊಡೆದರೆ ಹಾಕಿಯಲ್ಲಿ ಗೋಲಲ್ಲ. ಗೋಲಿನ ಮುಂದಿನ ವೃತ್ತದೊಳಗೆ ಎದುರಾಳಿಯ ಸ್ಟಿಕ್ಕು ಚೆಂಡಿಗೆ ತಾಗಿರಬೇಕು. ಅಂದರೆ, ಸೋಲಬೇಕಾದರೆ ಎದುರಾಳಿಯ ಸಹಾಯ ಬೇಕು. ಎದುರಾಳಿಯೂ ಸೋಲಲೆಂದೇ ಬಂದಿದ್ದ.

ಮುಂದೆ ನಡೆದದ್ದನ್ನು ಆಟ ಎನ್ನಲಾರೆ. ಎಂಜಿನಿಯರುಗಳು ತಮ್ಮದೇ ವೃತ್ತದೊಳಗೆ ಚೆಂಡು ತಳ್ಳಿಕೊಂಡು ಎದುರಾಳಿಗಳ ಸ್ಟಿಕ್ಕಿಗೆ ತಾಗಿಸಲು ಅಟ್ಟಾಡಿಸಿದರು. ಕಾರ್ಯದರ್ಶಿಯ ಕಡೆಯವರು ಸ್ಟಿಕ್ಕುಗಳನ್ನು ಮಳೆಯಲ್ಲಿ ಕೊಡೆ ಹಿಡಿದಂತೆ ಎತ್ತಿಕೊಂಡು ಓಡಿದರು. ಪಿಎಚ್‌ಡಿ ಮಾಡಿದ ಒಬ್ಬ, "ಟಚ್ ಮಾಡೋ, ಪ್ಲೀಸ್, ಒಂದೇ ಸಲ" ಎಂದು ಗೋಗರೆದ. "ನಿಮ್ಮಪ್ಪನಾಣೆ ಮುಟ್ಟಲ್ಲ" ಎಂದು ಎದುರಿನವನೊಬ್ಬ ಗೋಲಿನ ಕಂಬದ ಹಿಂದೆ ಅಡಗಿದ. ಒಬ್ಬ ಗೋಲ್‌ಕೀಪರ್ ಗೋಲು ಬಿಟ್ಟು ಬೆಂಚಿನ ಮೇಲೆ ಬಾಳೆಹಣ್ಣು ತಿನ್ನುತ್ತಿದ್ದ.

ಕಾಕಾ ಸ್ವಲ್ಪ ಹೊತ್ತು ನೋಡಿದರು. ಸೀಟಿ ಊದಿ, ಚೆಂಡನ್ನು ಕಂಕುಳಲ್ಲಿಟ್ಟುಕೊಂಡರು.

"ಇಬ್ಬರೂ ಸೋಲಾಕ ಬಂದೀರಿ. ಯಾರಿಗೂ ಸೋಲು ಕೊಡಂಗಿಲ್ಲ. ಆಟ ರದ್ದು. ಹೋಗ್ರಿ ಮನಿಗೆ."

ಕಾರ್ಯದರ್ಶಿ ಹಿಂದೆಯೇ ಓಡಿದ. "ಕಾಕಾ, ಇದು ಸ್ಟ್ರಾಟೆಜಿ. ದೊಡ್ಡ ಲೀಗಲ್ಲೇ ಹೀಗ್ ಮಾಡ್ತಾರೆ. ಲಾಂಗ್ ಟರ್ಮ್ ಯೋಚ್ನೆ ಮಾಡ್ಬೇಕು."

"ಸೋಲಾಕ ಒಂದ್ ಮರ್ಯಾದಿ ಐತ್ರಿ, ಸಾಹೇಬ್ರ. ಗೆಲ್ಲಾಕ ನೋಡಿ ಆಗಲಿಲ್ಲ ಅಂದಾಗ ಅದಕ್ಕ ಸೋಲು ಅಂತಾರ. ನಿಮ್ದು ಸೋಲೂ ಅಲ್ಲ. ಇನ್ನೊಮ್ಮಿ ಹಿಂಗಾದ್ರ ಸೀಟಿ ನಿಮ್ಮ ಕೈಯಾಗ ಕೊಟ್ಟ್ ಹೋಗ್ತೀನಿ."

ಪಂದ್ಯವೇ ಇಲ್ಲವಾದ್ದರಿಂದ ಮೊದಲ ಆಯ್ಕೆ ಯಾರದೆಂದು ಜಗಳವಾಯಿತು. ಹೊಸ ನಿಯಮ ಬರೆಯುವ ಕೆಲಸ, ಥೀಸಿಸ್ ಇದರ ಮೇಲೆಯೇ ಇದೆಯೆಂದು, ನನ್ನ ತಲೆಗೆ ಬಂತು. ನಾನು ಹೆಮ್ಮೆಯಿಂದಲೇ ಒಪ್ಪಿಕೊಂಡೆ. ಕೆಳಗಿನವರಿಗೆಲ್ಲ ಚೀಟಿ, ಕೊನೆಯವರಿಗೆ ಒಂದೆರಡು ಹೆಚ್ಚು. ಹೀಗೊಂದು ಪಟ್ಟಿ ಮಾಡಿ ಕ್ಲಬ್ಬಿನ ಕ್ಯಾಂಟೀನಿನಲ್ಲಿ ಕಾಕಾಗೆ ತೋರಿಸಿದೆ. ಅವರು ಕಾಫಿಗೆ ಸ್ಟ್ರೋಪ್‌ವಾಫಲ್ ಎಂಬ ಸಿಹಿ ಬಿಸ್ಕತ್ತು ಅದ್ದಿಕೊಂಡು ಕೇಳಿದರು.

"ಇದು ಸೋಲೂದನ್ನ ನಿಲ್ಲಸಂಗಿಲ್ಲ, ಡಿಗ್ರಿ ಅವ್ವಾ. ಚೀಟಿ ಆಸೆಗೂ ಸೋಲ್ತಾರ."

"ಮತ್ತೆ ಕೈಲಾಗದ ತಂಡಕ್ಕೆ ಸಹಾಯ ಬೇಡವೇ, ಕಾಕಾ?"

"ಬೇಕು." ಅವರು ಗೋದಾಮಿನ ಕಥೆ ಹೇಳಿದರು. ಅಲ್ಲಿ ವಾರದ ಟಾರ್ಗೆಟ್ಟಿನಲ್ಲಿ ಹಿಂದುಳಿದ ಕೆಲಸಗಾರರ ಸಾಲಿಗೆ ಮರುವಾರ ಹೊಸ ಆಳು ಕೊಡುತ್ತಿದ್ದರು. ಗುರುವಾರ ಬಂತೆಂದರೆ ಎಲ್ಲ ಸಾಲುಗಳೂ ಬಸವನಹುಳು. "ನಮ್ಮ ಮುಕಾದಮ್‌ಗ ನಾನ ಹೇಳ್ದೆ. ಟಾರ್ಗೆಟ್ ಕೈತಪ್ಪಿದ ಮ್ಯಾಲ ಯಾರು ಎಷ್ಟು ಡಬ್ಬಿ ಎತ್ತಿದ್ರು ಅನ್ನೂದು ನೋಡು, ಹೆಚ್ಚು ಎತ್ತಿದವರಿಗೆ ಆಳು ಕೊಡು. ಇಲ್ಲೂ ಅಷ್ಟ. ಸೆಮಿಫೈನಲ್ ಆಸೆ ಹೋದ ಮ್ಯಾಲ ಗೆದ್ದ ಆಟ ಎಣಸು. ಯಾರು ಹೆಚ್ಚು ಗೆಲ್ತಾರ, ಮೊದಲ ಆಯ್ಕೆ ಅವರಿಗೆ."

"ಅದರಲ್ಲಿ ದುರ್ಬಲರಿಗೇನು ಲಾಭ?"

"ಅವರ ಆಸೆ ಎಲ್ಲಾರಕ್ಕಿಂತ ಮೊದಲ ಹೋಗಿರ್ತೈತಿ. ಅವರಿಗೆ ಗೆಲ್ಲಾಕ ಆಟ ಜಾಸ್ತಿ ಉಳದಿರ್ತಾವು. ಇಷ್ಟೂ ಹೊಳಿಲಿಲ್ಲೇನು ನಿಮ್ಮ ಸಾಲ್ಯಾಗ?"

ಹೊಳೆದಿರಲಿಲ್ಲ. ರೂಮಿಗೆ ಬಂದು ಕೂತು ಲೆಕ್ಕ ಹಾಕಿದರೆ ಸರಿಯಾಗಿ ಕೂಡಿತು. ಆರು ತಿಂಗಳ ನನ್ನ ಸಮೀಕರಣಗಳು ಅದರ ಮುಂದೆ ಹೊಟ್ಟು.

ಕಮಿಟಿ ಸಭೆಯಲ್ಲಿ ಅದನ್ನು ಸ್ಲೈಡುಗಳಲ್ಲಿ ತೋರಿಸಿದೆ. ಕಾಕಾ ಹಿಂದಿನ ಕುರ್ಚಿಯಲ್ಲಿ ಕೂತಿದ್ದರು. ನಡುವೆ ಒಂದು ಸಲ ಬಾಯಿ ತೆರೆದಾಗ ಕಾರ್ಯದರ್ಶಿ ನಕ್ಕು, "ಕಾಕಾ, ಇದು ಮಾಡೆಲಿಂಗ್ ವಿಷ್ಯ, ನೀವು ಸೀಟಿ ನೋಡ್ಕೊಳಿ" ಎಂದ. ಕೊನೆಗೆ ಚಪ್ಪಾಳೆ ತಟ್ಟಿ, "ಯೂನಿವರ್ಸಿಟಿ ಥಿಂಕಿಂಗ್ ಅಂದ್ರೆ ಇದು. ಫುಲ್ ನಿಮ್ದೇ ಐಡಿಯಾನಾ?" ಎಂದು ಕೇಳಿದ.

ನಿಜವಾದ ಉತ್ತರ ಒಂದೇ ಮಾತಿನದಾಗಿತ್ತು: ಅಲ್ಲ. ನಾನು ಲ್ಯಾಪ್‌ಟಾಪಿನ ವೈರು ಸುತ್ತುತ್ತ, "ಥೀಸಿಸ್‌ನಲ್ಲಿ ಬರ್ತಿದೆ" ಎಂದೆ.

ಹೊರಗೆ ಸೈಕಲ್ಲಿನ ಬೀಗ ತೆಗೆಯುವಾಗ ಕಾಕಾ ಬಂದರು. ಸಿಟ್ಟಿರಲಿಲ್ಲ. "ಇವತ್ತು ನೀನೂ ಬೇಕಂತ ಸೋತಿ, ಡಿಗ್ರಿ ಅವ್ವಾ. ಏನ್ ಸಿಗ್ತೈತಿ ನೋಡೂಣು" ಎಂದು ಬಸ್ ಸ್ಟಾಪಿನ ಕಡೆ ನಡೆದರು.

ಆ ನಿಯಮ ನನ್ನದೇ ಎಂದು ಬರೆದ ಥೀಸಿಸ್ಸಿಗೆ ಒಳ್ಳೆಯ ಅಂಕ ಸಿಕ್ಕಿತು. ಥೀಸಿಸ್ಸಿನ ಕೃತಜ್ಞತೆಯ ಪುಟದಲ್ಲಿ ಪ್ರೊಫೆಸರ್ ಇದ್ದಾರೆ, ಅಪ್ಪ ಅಮ್ಮ ಇದ್ದಾರೆ, ನನ್ನ ರೂಮ್‌ಮೇಟಿನ ಬೆಕ್ಕೂ ಇದೆ. ಫೋರ್ಕ್‌ಲಿಫ್ಟ್ ಓಡಿಸುವವರ ಮಾತನ್ನು ಪ್ರಬಂಧಕ್ಕೆ ಹಾಕಿದರೆ ಪದವಿಯ ತೂಕ ಇಳಿದೀತೆಂದು ಹೆದರಿದ್ದೆ. ದೋಸೆ ಹಾಕುವವರ ಮಗಳು ಹೆದರಿದ್ದು ಅದಕ್ಕೆ. ಬೇಕೆಂದೇ ಸೋಲುವವರನ್ನು ಬೈಯಲು ನನಗೆ ಈಗ ಬೇರೆ ಯಾರ ಉದಾಹರಣೆಯೂ ಬೇಕಿಲ್ಲ.

ಮುಂದಿನ ವರ್ಷವೂ ಅವೇ ಎರಡು ತಂಡಗಳು ಕೆಳಗುಳಿದು ಕೊನೆಯ ಪಂದ್ಯದಲ್ಲಿ ಎದುರುಬದುರಾದವು. ಆದರೆ ಈ ಸಲ ಗೆದ್ದವರಿಗೇ ಆಯ್ಕೆ. ಬಾಳೆಹಣ್ಣಿನ ಗೋಲ್‌ಕೀಪರ್ ಚೆಂಡಿಗೆ ಎದೆಯೊಡ್ಡಿದ. ಕಂಬದ ಹಿಂದೆ ಅಡಗಿದ್ದವನು ಎರಡು ಗೋಲು ಹೊಡೆದ. ಕಾರ್ಯದರ್ಶಿಯ ಮೊಣಕಾಲ ಕೆಳಗೆ ಪೆಟ್ಟು ಬಿದ್ದು ಕೂತಾಗ ಕಾಕಾ ಹತ್ತಿರ ಹೋಗಿ ಬಗ್ಗಿ ನೋಡಿ, "ಗುಳಿ ಬೀಳೂ ಲಕ್ಷಣ ಐತಿ. ಚಲೋ ಆತು" ಎಂದರು. ಅವರು ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ. ಕ್ರಿಸ್‌ಮಸ್‌ಗೆ ಮುಂಚೆ ಗೋದಾಮಿನಲ್ಲೇ ಎದೆನೋವು ಬಂದು ತೀರಿಕೊಂಡರು.

ಥೀಸಿಸ್ಸಿನ ಆ ಪುಟ ತಿದ್ದಬಹುದೇ ಎಂದು ವಿಶ್ವವಿದ್ಯಾಲಯಕ್ಕೆ ಬರೆದೆ. ಒಮ್ಮೆ ಸಲ್ಲಿಸಿದ್ದನ್ನು ಬದಲಿಸಲಾಗದು ಎಂದು ಸೌಜನ್ಯದ ಉತ್ತರ ಬಂತು. ಇಂಥದೇ ವಿಚಾರವನ್ನು ನಮಗಿಂತ ಮೊದಲೇ ಬೇರೆಯವರೂ ಬರೆದಿದ್ದಾರೆ ಎಂದು ಆಮೇಲೆ ತಿಳಿಯಿತು. ಇರಲಿ. ನಾನು ಕೇಳಿದ್ದು ಕಾಕಾ ಬಾಯಿಂದ. ಈ ಬರಹದಲ್ಲಾದರೂ ಹೆಸರು ಹಾಕುತ್ತೇನೆಂದು ಅವರ ಹೆಂಡತಿಯನ್ನು ಕೇಳಿದೆ. "ಅಂಪೈರ್ ಅಂತ ಬರಿ. ಅವರಿಗೆ ಅದಽ ದೊಡ್ಡದು" ಎಂದರು.

ಈಗ ಪ್ರತಿ ಸೆಪ್ಟೆಂಬರ್‌ನಲ್ಲಿ ಹೊಸಬರಿಗೆ ನಿಯಮ ಓದಿ ಹೇಳುವವಳು ನಾನು. ಓದುವ ಮೊದಲು, ಇದು ಎಂಟನೆಯ ತರಗತಿ ಓದಿದ, ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ ನಮ್ಮ ಅಂಪೈರ್ ಕಾಕಾ ಮಾಡಿದ ನಿಯಮ ಎನ್ನುತ್ತೇನೆ. ಹೋದ ಸಲ ಕಾರ್ಯದರ್ಶಿ ನಡುವೆ ಬಾಯಿ ಹಾಕಿದ: "ಅದು ನಿಮ್ಮ ಥೀಸಿಸ್ ಅಲ್ವಾ? ನಾನೇ ಓದಿದೀನಿ."

"ಓದಿರಬಹುದು," ಎಂದೆ. "ಅದರಲ್ಲಿ ಸುಳ್ಳು ಬರೆದಿದ್ದೇನೆ."