ನಡುವೆ ಕಂಬ ಬೇಡ

ಹಸಿ ಕಾಂಕ್ರೀಟಿಗೆ ಹೊದಿಸಿದ ಒದ್ದೆ ಗೋಣಿಗೆ ಒಂದು ವಾಸನೆ ಉಂಟು. ಸಿಮೆಂಟು, ಸೆಣಬು, ಬಾವಿನೀರು ಎಲ್ಲ ಸೇರಿದ ವಾಸನೆ. ಈಚೆಗೆ ಬನ್ನಂಜೆಯಲ್ಲಿ ನನ್ನ ಎರಡು ಮೀನಿನ ವ್ಯಾನುಗಳಿಗೆ ಶೆಡ್ ಕಟ್ಟಿಸುವಾಗ, ಅಗಲ ಬಾಗಿಲಿನ ಮೇಲಿನ ಬೀಮಿಗೆ ನೀರು ಹಾಕುತ್ತಿದ್ದವಳು ಆ ವಾಸನೆಗೆ ಪೈಪು ಹಿಡಿದುಕೊಂಡೇ ನಿಂತುಬಿಟ್ಟೆ. ಕಾಪುವಿನ ಬಾಯಮ್ಮ ನೆನಪಾದರು…

ನಮ್ಮ ಕಡೆ ಕ್ರಿಶ್ಚಿಯನ್ ಹಿರಿಯ ಹೆಂಗಸರನ್ನು ಬಾಯಮ್ಮ ಅಂತಲೇ ಕರೆಯುವುದು. ಇವರು ಕಾಪು ಪೇಟೆಯಲ್ಲಿ ಹೆಂಗಸರಿಗೆ ಕಾರು ಕಲಿಸುತ್ತಿದ್ದರು. ಎರಡು ಹಳೆಯ ಕಾರು, ಮೈಮೇಲೆ ಕಾಟನ್ ಸೀರೆ, ಕಾಲಿಗೆ ಗಂಡಸರ ಕ್ಯಾನ್ವಾಸ್ ಶೂ. ನಾನಾಗ ಮಲ್ಪೆಯಿಂದ ಮೀನು ತಂದು ಮನೆ ಮನೆಗೆ ಮಾರುತ್ತಿದ್ದೆ. ಬುಟ್ಟಿ ಕಂಡರೆ ರಿಕ್ಷಾದವರು ನಿಲ್ಲಿಸುತ್ತಿರಲಿಲ್ಲ. ನಿಲ್ಲಿಸಿದರೂ ದಾರಿಯುದ್ದಕ್ಕೂ ಮೂಗು ಮುರಿಯುತ್ತಿದ್ದರು. ಇವರ ಹಂಗೇ ಬೇಡ, ನನ್ನ ಗಾಡಿ ನಾನೇ ಓಡಿಸುತ್ತೇನೆ ಅಂತ ಹಠ ಹಿಡಿದು ಬಾಯಮ್ಮನ ಹತ್ತಿರ ಹೋದೆ. "ಕಾರಲ್ಲೆಲ್ಲ ಮೀನಿನ ವಾಸನೆ ಬಂದೀತು ಬಾಯಮ್ಮ" ಅಂದದ್ದಕ್ಕೆ, "ಮಧ್ಯಾಹ್ನ ಊಟಕ್ಕೆ ನನಗೂ ಅದೇ ಬೇಕಲ್ಲ. ಕೂತುಕೋ" ಅಂದರು.

ನಾನು ಕಲಿಯಲು ಶುರುಮಾಡಿದ ಹೊತ್ತಿಗೇ, ಅವರು ಕಾರು ನಿಲ್ಲಿಸುತ್ತಿದ್ದ ಬಾಡಿಗೆ ಜಾಗದ ಧನಿ ಖಾಲಿ ಮಾಡಿ ಅಂದ. ಬಾಯಮ್ಮನ ಸ್ಕೂಲು ಇನ್ನು ಮುಗಿಯಿತು ಅಂತ ಪೇಟೆಯವರೆಲ್ಲ ಮಾತಾಡಿಕೊಂಡರು. ಹಾಗೆ ಹೇಳುವಾಗ ಕೆಲವರ ಮುಖದಲ್ಲಿ ಖುಷಿಯೂ ಇತ್ತು, ಯಾಕೆ ಸುಳ್ಳು ಹೇಳಲಿ. ಬಾಯಮ್ಮ ಯಾರ ಮುಂದೆಯೂ ಜಾಗಕ್ಕೆ ಕೈಚಾಚಲಿಲ್ಲ. ತಮ್ಮ ಮನೆಯ ಕೆಳಗಿನ ಮುಂಗೋಡೆಯನ್ನೇ ಒಡೆಸಿ ಗ್ಯಾರೇಜು ಮಾಡುತ್ತೇನೆ, ಎರಡು ಕಾರು ಅಕ್ಕಪಕ್ಕದಲ್ಲಿ ಒಳಗೆ ಹೋಗುವಂಥ ಬಾಗಿಲು ಬೇಕು ಅಂದರು. ಹದಿನೆಂಟು ಅಡಿ ಅಗಲ.

ಕಂಟ್ರಾಕ್ಟರ್ ಗೋಡೆ ನೋಡಿದ, ಆಮೇಲೆ ಮೇಲೆ ನೋಡಿದ. ಕೆಂಪುಕಲ್ಲಿನ ಹಳೆಯ ಗೋಡೆ. ಮಹಡಿಯಲ್ಲಿ, ಸರಿಯಾಗಿ ಅದರ ಮೇಲೆ, ಬಾಯಮ್ಮ ಮಲಗುವ ಕೋಣೆ.

"ಇಷ್ಟು ಅಗಲದ ಬಾಗಿಲಿಗೆ ಮೇಲಿನ ಗೋಡೆ ಹೊರಲು ಒಂದೇ ಲಿಂಟಲ್ ಆಗುವುದಿಲ್ಲ ಬಾಯಮ್ಮ. ನಡುವೆ ಒಂದು ಕಂಬ ಕೊಡುವ. ಎರಡು ಬಾಗಿಲು, ಎರಡು ಸಣ್ಣ ಲಿಂಟಲ್. ಎಂತ ತೊಂದರೆ?"

"ಕಲಿಯುವವರು ಅದಕ್ಕೇ ಹೋಗಿ ಗುದ್ದುತ್ತಾರೆ. ಆಮೇಲೆ ಹೆಂಗಸರಿಗೆ ಗಾಡಿ ಬರುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಕಂಬ ಅಲ್ಲಿ ಇಟ್ಟದ್ದು ಯಾರು ಅಂತ ಒಬ್ಬರೂ ಕೇಳುವುದಿಲ್ಲ."

ಗುಜರಿಯಿಂದ ಕಬ್ಬಿಣದ ಗರ್ಡರ್ ತಂದು ಹಾಕುವ ಅಂದ. ಕಾಪುವಿನ ಉಪ್ಪುಗಾಳಿಗೆ ನನ್ನ ಕಾರಿನ ಬುಡವೇ ಉಳಿಯುವುದಿಲ್ಲ, ಗರ್ಡರ್ ಎಂತ ಉಳಿಯುತ್ತದೆ ಅಂತ ಬಾಯಮ್ಮ ಅದನ್ನೂ ತಳ್ಳಿಹಾಕಿದರು. ಕೊನೆಗೆ ಮಣಿಪಾಲದಿಂದ ಒಬ್ಬ ಎಂಜಿನಿಯರನ್ನು ಕರೆಸಿದರು. ಆ ಮನುಷ್ಯ ಮರ್ಯಾದೆಯಿಂದ ಅಳತೆ ತೆಗೆದು, ಲೆಕ್ಕ ಹಾಕಿ, ಆಗುತ್ತದೆ ಅಂದರು. ಆದರೆ ಸಾಮಾನ್ಯ ಬಾಗಿಲಿಗೆ ಹಾಕುವಂಥ ತೆಳು ಲಿಂಟಲ್ ಹಾಕಿದರೆ ನಡುವೆ ಬಗ್ಗುತ್ತದೆ, ಒಂದೂವರೆ ಅಡಿ ಎತ್ತರದ ಕಾಂಕ್ರೀಟ್ ಬೀಮೇ ಬೇಕು. ಅದರ ತುದಿಗಳನ್ನು ಕೆಂಪುಕಲ್ಲಿನ ಮೇಲೆ ಕೂರಿಸಿದರೆ ಭಾರಕ್ಕೆ ಕಲ್ಲು ಪುಡಿಯಾಗುತ್ತದೆ, ಹಾಗಾಗಿ ಎರಡೂ ಬದಿಗೆ ಬುಡದಿಂದಲೇ ಕಾಂಕ್ರೀಟಿನ ಕಂಬ ಎಬ್ಬಿಸಬೇಕು.

"ಬದಿಗೆ ಎಷ್ಟು ದಪ್ಪ ಬೇಕಾದರೂ ಹಾಕಿ. ನಡುವೆ ಬೇಡ" ಅಂದರು ಬಾಯಮ್ಮ.

ಬೀಮ್ ಹಾಕಿದ್ದಾಯಿತು. ಗೋಣಿ ಹೊದಿಸಿ ಅವರೇ ದಿನಾ ನೀರು ಹಾಕುತ್ತಿದ್ದರು. ಪಾಠಕ್ಕೆ ಹೋದ ನಮ್ಮ ಕೈಗೂ ಪೈಪು ಕೊಡುತ್ತಿದ್ದರು. ನನ್ನ ಮೂಗಿಗೆ ಆ ವಾಸನೆ ಅಂಟಿಕೊಂಡದ್ದು ಆಗಲೇ. ಕಾಂಕ್ರೀಟ್ ಬಲಿತ ಮೇಲೆ ಎಂಜಿನಿಯರ್ ಬಂದು ನೋಡಿ, ಅಡಿಗೆ ಆಸರೆ ಕೊಟ್ಟ ಸೆಂಟ್ರಿಂಗ್ ಪೂರ್ತಿ ತೆಗೆಯಿರಿ ಅಂದು ಹೋದರು. ಕಂಟ್ರಾಕ್ಟರ್ ಹಲಗೆ, ಕಂಬ ಎಲ್ಲ ತೆಗೆದ. ನಟ್ಟನಡುವಿನ ಒಂದು ಗಾಳಿಮರದ ಕಂಬವನ್ನು ಮಾತ್ರ ಬಿಟ್ಟ.

"ಇರಲಿ ಬಾಯಮ್ಮ, ಒಂದು ಧೈರ್ಯಕ್ಕೆ."

"ಯಾರ ಧೈರ್ಯಕ್ಕೆ?"

ಅವನು ಎದುರಿನ ಹೋಟೆಲಿಗೆ ಚಹಾ ಕುಡಿಯಲು ಹೋದ. ಬಾಯಮ್ಮ ಆ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದರು. ಸಲೀಸಾಗಿ ತಿರುಗಿತು. ಭಾರ ಹೊತ್ತ ಕಂಬ ಹಾಗೆ ತಿರುಗುವುದಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಬಂದು ಕಾರಿನಲ್ಲಿ ನನ್ನ ಪಕ್ಕ ಕೂತರು.

"ರಿವರ್ಸ್ ಹಾಕು. ಒಳಗೆ ತೆಗೆದುಕೊಂಡು ಹೋಗು."

"ನಡುವೆ ಕಂಬ ಉಂಟಲ್ಲ ಬಾಯಮ್ಮ."

"ನಾನು ಕಂಬದ ಸುದ್ದಿ ಎತ್ತಿದೆನಾ?"

ಹೋಟೆಲಿನ ಬಾಗಿಲಲ್ಲಿ ಗಂಡಸರು ಸಾಲಾಗಿ ನಿಂತು ನೋಡುತ್ತಿದ್ದರು. ಕನ್ನಡಿಯಲ್ಲಿ ಕಂಬ ದೊಡ್ಡದಾಗುತ್ತ ಬಂತು. ಸ್ಟೀರಿಂಗ್ ಯಾವ ಕಡೆಗೆ ತಿರುಗಿಸಬೇಕು ಅನ್ನುವುದೇ ಮರೆತುಹೋಯಿತು… ಠಕ್ಕಂತ ಸದ್ದಾಯಿತು. ಕಂಬ ಒಳಗಡೆಗೆ ಉರುಳಿತು. ಕಂಟ್ರಾಕ್ಟರ್ ಚಹಾದ ಗ್ಲಾಸು ಹಿಡಿದುಕೊಂಡೇ ಓಡಿಬಂದ. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಮೇಲಿಂದ ಒಂದು ಚೂರು ಸಿಮೆಂಟೂ ಉದುರಲಿಲ್ಲ.

ಬಾಯಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಈಗ ಬಂತಾ ಧೈರ್ಯ?" ಅಂತ ಅವನನ್ನು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಬ್ರೇಕಿನಿಂದ ಕಾಲು ತೆಗೆ ಮಾರಾಯ್ತಿ. ಒಳಗೆ ಇನ್ನೂ ಜಾಗ ಉಂಟು" ಅಂದರು.

ಅವತ್ತು ಮನೆಗೆ ಮರಳುವ ಬಸ್ಸಿನಲ್ಲಿ ನನಗೆ ಹೊಳೆಯಿತು. ಕಲಿಸುವ ಕಾರಿನಲ್ಲಿ ಕಲಿಸುವವರ ಕಾಲಬುಡದಲ್ಲೂ ಒಂದು ಬ್ರೇಕ್ ಇರುತ್ತದೆ. ಅಷ್ಟು ದಿನ ನಾನು ನಾಯಿ, ಸೈಕಲ್ಲು, ಮೈಲುಗಲ್ಲು ಯಾವುದರ ಹತ್ತಿರ ಹೋದರೂ ಅವರು ಒತ್ತಿದ್ದರು. ಅವತ್ತು ಒತ್ತಲೇ ಇಲ್ಲ. ಯಾಕೆ ಅಂತ ನಾನು ಕೇಳಲಿಲ್ಲ. ಕೇಳಿದ್ದರೂ ಒಪ್ಪಿಕೊಳ್ಳುವ ಹೆಂಗಸಲ್ಲ ಅದು. ಸ್ಕೂಲು ಮುಂದೆ ಬಹಳ ವರ್ಷ ನಡೆಯಿತು. ಕೊನೆಯವರೆಗೂ ಅವರು ಮಲಗಿದ್ದು ಆ ಬೀಮಿನ ಮೇಲೆಯೇ.

ಈಗ ಬಾಯಮ್ಮ ಇಲ್ಲ. ರಸ್ತೆ ಅಗಲ ಮಾಡುವಾಗ ಆ ಮನೆಯೂ ಹೋಯಿತು. ವ್ಯಾನಿನಲ್ಲಿ ಕಾಪು ದಾಟುವಾಗೆಲ್ಲ ಆ ಬಾಗಿಲು ಎಲ್ಲಿತ್ತು ಅಂತ ಹುಡುಕುತ್ತೇನೆ… ಬರೀ ಡಾಂಬರು. ನನಗೆ ದುಃಖಕ್ಕಿಂತ ಮೊದಲು ಬರುವುದು ಸಿಟ್ಟು.

ನನ್ನ ಶೆಡ್ಡಿನ ಕಂಟ್ರಾಕ್ಟರಿಗೂ ನಡುವೆ ಕಂಬವೇ ಬೇಕಿತ್ತು. ಇವರಿಗೆಲ್ಲ ಈ ಕಂಬದ ಹುಚ್ಚು ಯಾರು ಹಿಡಿಸುತ್ತಾರೋ ಗೊತ್ತಿಲ್ಲ. ಬೇಡ ಅಂದೆ. ಎಂಜಿನಿಯರ್ ಹುಡುಗಿ ಲೆಕ್ಕ ಹಾಕಿ ಬೀಮ್ ಹಾಕಿಸಿದಳು. ಮೊನ್ನೆ ಬಂದು, ಆಸರೆ ಎಲ್ಲ ತೆಗೆಯಬಹುದು ಅಂದಳು. ಇವನು ಎಲ್ಲ ತೆಗೆದು, ನಟ್ಟನಡುವೆ ಆಸರೆಗೆ ಕೊಟ್ಟಿದ್ದ ಒಂದು ಕಬ್ಬಿಣದ ಜಾಕಿಕಂಬ ಬಿಟ್ಟ.

"ಇರಲಿ ಅಕ್ಕ. ಅದರಷ್ಟಕ್ಕೆ ಇರುತ್ತದೆ."

ನಾನು ವ್ಯಾನು ಹತ್ತಿ ರಿವರ್ಸ್ ಹಾಕಿದೆ. "ಅಕ್ಕ, ನಿಲ್ಲಿ, ನಿಲ್ಲಿ" ಅನ್ನುತ್ತ ಅವನು ಓಡಿಹೋಗಿ ಜಾಕಿ ಬಿಚ್ಚಿ ಬದಿಗೆ ಎಳೆದ. ಬೀಮ್ ಅಲುಗಲಿಲ್ಲ. ನಾನು ಒಂದೇ ಸಲಕ್ಕೆ ಒಳಗೆ ಹೋಗಿ ನಿಲ್ಲಿಸಿ, ಹೇಗಿತ್ತು ಅಂತ ಕೇಳಲು ಎಡಗಡೆಗೆ ತಿರುಗಿದೆ. ಸೀಟು ಖಾಲಿ ಇತ್ತು. ಅದರ ಬುಡದಲ್ಲಿ ಬ್ರೇಕೂ ಇಲ್ಲ, ಬ್ರೇಕ್ ಒತ್ತದೆ ಸುಮ್ಮನೆ ಕೂರುವವರೂ ಇಲ್ಲ.